ದಾರ ತುಂಡಾದಾಗ ಕೈ ಎತ್ತುವುದು: ಕೆಲಸದ ಜಾಗದ ತರಬೇತಿಯಿಂದ ಏನು ಬದಲಾಗುತ್ತದೆ, ಏನು ಆಗುವುದಿಲ್ಲ

ಗಾರ್ಮೆಂಟ್ಸ್‌ನಲ್ಲಿ ಮೊದಲ ಕೆಲಸ ಸಿಕ್ಕಾಗ ನನ್ನ ಕೈಗೆ ಕೊಟ್ಟಿದ್ದು ಒಂದು ಸ್ಟಾಪ್‌ವಾಚ್, ಒಂದು ಪ್ಯಾಡು. ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದ ಟ್ರೇನಿ ಅಂದರೆ ಅಷ್ಟೇ. ಟೈಲರ್‌ಗಳ ಪಕ್ಕ ನಿಂತು, ಒಂದೊಂದು ಪೀಸ್‌ಗೆ ಎಷ್ಟು ಸೆಕೆಂಡು ಹಿಡಿಯುತ್ತದೆ ಅಂತ ಬರೆದುಕೊಳ್ಳಬೇಕು. ಯಾರಾದರೂ ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತರೆ ನಿಮಗೆ ಇಷ್ಟ ಆಗುತ್ತಾ? ಅವರಿಗೂ ಆಗುತ್ತಿರಲಿಲ್ಲ. ಕೆಲವರು ಬೇಕಂತಲೇ ನಿಧಾನ ಹೊಲಿಯುತ್ತಿದ್ದರು. ಬೇಗ ಹೊಲಿದರೆ ನಾಳೆ ಟಾರ್ಗೆಟ್ ಏರುತ್ತದೆ ಅಂತ ಅವರಿಗೆ ಗೊತ್ತಿತ್ತು.

ಒಂದು ದಿನ ಕಾಲರ್ ಕೂರಿಸುವ ಅಕ್ಕನ ಪಕ್ಕ ನಿಂತಿದ್ದೆ. ಏಳೆಂಟು ಪೀಸ್ ಆಗುವಷ್ಟರಲ್ಲಿ ದಾರ ಪಟ್ ಅಂತ ತುಂಡಾಗುತ್ತಿತ್ತು. ಆಕೆ ತಲೆ ಎತ್ತುತ್ತಿರಲಿಲ್ಲ. ದಾರದ ತುದಿಯನ್ನು ತುಟಿಗೆ ಒತ್ತಿ ಒದ್ದೆ ಮಾಡಿ, ಸೂಜಿಗೆ ಪೋಣಿಸಿ, ಎರಡು ಹೊಲಿಗೆ ಹಿಂದಕ್ಕೆ ಹೋಗಿ ಮತ್ತೆ ಪೆಡಲ್ ಒತ್ತುತ್ತಿದ್ದರು. ಸುಮಾರು 20 ಸೆಕೆಂಡು. ಒಂದು ಗಂಟೆಯಲ್ಲಿ 11 ಸಲ ಎಣಿಸಿದೆ. ಅಂದರೆ ಗಂಟೆಗೆ ಹತ್ತಿರ ಹತ್ತಿರ ನಾಲ್ಕು ನಿಮಿಷ. ಎಂಟು ಗಂಟೆ ಶಿಫ್ಟಿಗೆ ಅರ್ಧ ಗಂಟೆ. ಸೂಜಿಯ ಕಣ್ಣಿನಲ್ಲೋ ಒಳಗಿನ ಹುಕ್‌ನಲ್ಲೋ ಒಂದು ಸಣ್ಣ ಗೀರು ಎದ್ದಿದ್ದರೆ ಹೀಗಾಗುತ್ತದೆ. ಮೆಕ್ಯಾನಿಕ್ ಬಂದರೆ ಐದು ನಿಮಿಷದ ಕೆಲಸ.

"ಮೆಕ್ಯಾನಿಕ್‌ನ ಕರೀಬಹುದಲ್ವಾ ಅಕ್ಕ?" ಅಂದೆ.

"ಸೂಪರ್‌ವೈಸರ್‌ಗೆ ಹೇಳ್ಬೇಕಲ್ಲ" ಅಂದರು.

ಸೂಪರ್‌ವೈಸರ್ ಹತ್ತು ಹೆಜ್ಜೆ ಆಚೆ ನಿಂತಿದ್ದರು, ಬೇರೊಬ್ಬರ ಮೇಲೆ ಕೂಗಾಡುತ್ತಾ. ಅವತ್ತಿನ ಫಾರಂನಲ್ಲಿ ನಾನು "ದಾರ ತುಂಡು, 11 ಸಲ" ಅಂತ ಬರೆದೆ. ಕೇಳಲು ಹೆದರಿಕೆ ಅಂತ ಬರೆಯುವುದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ.

ಕೆಲಸದ ಜಾಗದಲ್ಲಿ ಕೊಡುವ ತರಬೇತಿಯಿಂದ ಕೆಲಸ ನಿಜವಾಗಿ ಸುಧಾರಿಸುತ್ತಾ, ಜನ ಕೆಲಸದಲ್ಲಿ ಹೆಚ್ಚು ಮನಸ್ಸಿಡುತ್ತಾರಾ ಅನ್ನೋ ಪ್ರಶ್ನೆ ಬಂದಾಗಲೆಲ್ಲ ನನಗೆ ಆ ದಾರ ನೆನಪಾಗುತ್ತದೆ. ಈ ಪ್ರಶ್ನೆಯ ಮೇಲೆ ಪ್ರಪಂಚದಲ್ಲಿ ನಡೆದಿರುವ ಒಳ್ಳೆಯ ಪ್ರಯೋಗಗಳಲ್ಲಿ ಒಂದು ನಡೆದಿದ್ದು ನಮ್ಮ ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲೇ. ಅದರ ಬಗ್ಗೆ ಕನ್ನಡದಲ್ಲಿ ಮಾತಾಡಿದವರು ಕಡಿಮೆ.

ಪ್ರಯೋಗಕ್ಕೆ ಮೊದಲು ಲೈನ್ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಒಂದು ಶರ್ಟನ್ನು ಒಬ್ಬರೇ ಪೂರ್ತಿ ಹೊಲಿಯುವುದಿಲ್ಲ. ಜೇಬು ಒಬ್ಬರು, ತೋಳು ಒಬ್ಬರು, ಕಾಲರ್ ಒಬ್ಬರು, ಕಫ್ ಇನ್ನೊಬ್ಬರು, ಹೀಗೆ ಹತ್ತಾರು ಆಪರೇಷನ್. ಪ್ರತಿ ಆಪರೇಷನ್‌ಗೂ ಇಷ್ಟು ನಿಮಿಷ ಅಂತ ಲೆಕ್ಕ ಕಟ್ಟಿರುತ್ತಾರೆ. ಫ್ಲೋರ್‌ನಲ್ಲಿ ಅದಕ್ಕೆ 'ಸ್ಯಾಮ್' ಅಂತಾರೆ. ಒಂದು ಆಪರೇಷನ್‌ನ ಸ್ಯಾಮ್ 0.6 ನಿಮಿಷ ಇದ್ದರೆ ಗಂಟೆಗೆ 100 ಪೀಸ್ ಟಾರ್ಗೆಟ್. ನೀವು 60 ಮಾಡಿದರೆ ನಿಮ್ಮ ಎಫಿಶಿಯನ್ಸಿ ಶೇ 60. ಕಾಲರ್ ಕೂರಿಸುವವರ ಹತ್ತಿರ ಪೀಸ್ ನಿಂತುಬಿಟ್ಟರೆ ಮುಂದಿನವರ ಕೈ ಖಾಲಿ. ಹಿಂದಿನವರ ಟೇಬಲ್ ಮೇಲೆ ಬಂಡಲ್ ಗುಡ್ಡೆ. ಆಕೆ ಕಳೆದುಕೊಂಡ ನಾಲ್ಕು ನಿಮಿಷ ಆಕೆಯದು ಮಾತ್ರ ಅಲ್ಲ, ಆಮೇಲೆ ಕೂತವರೆಲ್ಲರದೂ.

ಇನ್ನು ಪ್ರಯೋಗ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನಿಷಾಧಂ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಶಾಹಿ ಎಕ್ಸ್‌ಪೋರ್ಟ್ಸ್ ಕಂಪನಿಯ ಐದು ಬೆಂಗಳೂರು ಫ್ಯಾಕ್ಟರಿಗಳಲ್ಲಿ ಇದನ್ನು ಮಾಡಿದರು. ತರಬೇತಿಯ ಹೆಸರು 'ಪೇಸ್'. ಗ್ಯಾಪ್ ಅನ್ನೋ ಅಮೆರಿಕದ ಬಟ್ಟೆ ಕಂಪನಿ 2007ರಲ್ಲಿ ಶುರು ಮಾಡಿದ ಕಾರ್ಯಕ್ರಮ ಅದು. ಇದರಲ್ಲಿ ಹೊಲಿಗೆ ಕಲಿಸುವುದೇ ಇಲ್ಲ. ಮಾತಾಡುವುದು ಹೇಗೆ, ಸಮಸ್ಯೆ ಬಂದರೆ ಬಿಡಿಸಿಕೊಳ್ಳುವುದು ಹೇಗೆ, ಸಮಯ ಮತ್ತು ಒತ್ತಡ ಸಂಭಾಳಿಸುವುದು, ದುಡ್ಡಿನ ಲೆಕ್ಕ, ಆರೋಗ್ಯ, ಕಾನೂನಿನಲ್ಲಿ ನಮಗೇನು ಹಕ್ಕಿದೆ ಅನ್ನೋದು ಇಂಥವೇ. ವಾರಕ್ಕೆ ಎರಡು ಗಂಟೆ. ಅದರಲ್ಲಿ ಒಂದು ಗಂಟೆ ಕಂಪನಿಯ ಸಮಯ, ಒಂದು ಗಂಟೆ ಕೆಲಸಗಾರರ ಸ್ವಂತ ಸಮಯ. ಸುಮಾರು ಒಂದು ವರ್ಷ ನಡೆದು ಒಟ್ಟು 80 ಗಂಟೆಯಷ್ಟಾಯಿತು.

ಇಂಥವಕ್ಕೆ ಇಟ್ಟಿರುವ ಸಾಫ್ಟ್ ಸ್ಕಿಲ್ಸ್ ಅನ್ನೋ ಹೆಸರು ಕೇಳಿದರೇ ನನಗೆ ಆಗದು. ರೆಸಾರ್ಟಿಗೆ ಕರೆದುಕೊಂಡು ಹೋಗಿ, ಕಣ್ಣಿಗೆ ಬಟ್ಟೆ ಕಟ್ಟಿ, ಹಗ್ಗ ಹಿಡಿಸಿ, ಕೊನೆಗೆ ಗ್ರೂಪ್ ಫೋಟೋ ತೆಗೆಯುವ ತರಬೇತಿಗಳನ್ನು ಸಾಕಷ್ಟು ನೋಡಿದ್ದೇನೆ. ಹಾಗಾಗಿ ಈ ಪ್ರಯೋಗವನ್ನು ಅನುಮಾನದಿಂದಲೇ ಓದಲು ಶುರು ಮಾಡಿದೆ.

ಅನುಮಾನಕ್ಕೆ ಕಾರಣವೂ ಇದೆ. ತರಬೇತಿಯಿಂದ ಲಾಭ ಆಯಿತು ಅಂತ ಹೇಳುವ ಹೆಚ್ಚಿನ ವರದಿಗಳಲ್ಲಿ ಒಂದು ಮೋಸ ಅಡಗಿರುತ್ತದೆ. ತರಬೇತಿಗೆ ಹೆಸರು ಕೊಡುವವರು ಯಾರು? ಮೊದಲೇ ಚುರುಕಾದವರು. ಅವರು ಆಮೇಲೆ ಚೆನ್ನಾಗಿ ಕೆಲಸ ಮಾಡಿದರೆ ಅದು ತರಬೇತಿಯ ಗುಣವೋ ಅವರ ಗುಣವೋ? ಹಿಂದಿನ ತಿಂಗಳಿಗೂ ಈ ತಿಂಗಳಿಗೂ ಹೋಲಿಸೋಣ ಅಂದರೆ ಅಷ್ಟರಲ್ಲಿ ಸ್ಟೈಲ್ ಬದಲಾಗಿರುತ್ತದೆ. ಸುಲಭದ ಟೀ ಶರ್ಟ್ ಆರ್ಡರ್ ಬಂದರೆ ಎಲ್ಲರ ಎಫಿಶಿಯನ್ಸಿಯೂ ತಾನಾಗಿ ಏರುತ್ತದೆ.

ಈ ಮೂವರು ಚೀಟಿ ಎತ್ತಿದರು. ತರಬೇತಿ ಬೇಕು ಅಂತ ಹೆಸರು ಕೊಟ್ಟ ಹೆಂಗಸರು 2,700ಕ್ಕೂ ಹೆಚ್ಚು. ಮೊದಲು ಯಾವ ಲೈನ್‌ಗಳಿಗೆ ತರಬೇತಿ ಅಂತ ಚೀಟಿ, ಆಮೇಲೆ ಆ ಲೈನ್‌ಗಳೊಳಗೆ ಯಾರಿಗೆ ಅಂತ ಇನ್ನೊಂದು ಚೀಟಿ. ಸುಮಾರು 1,100 ಜನರಿಗೆ ಸಿಕ್ಕಿತು, ಉಳಿದವರಿಗೆ ಇಲ್ಲ. ಎರಡೂ ಗುಂಪಿನವರು ಆಸೆಪಟ್ಟು ಹೆಸರು ಕೊಟ್ಟವರೇ. ನಡುವೆ ಇರುವ ವ್ಯತ್ಯಾಸ ಅದೃಷ್ಟದ್ದು ಮಾತ್ರ. ಹಾಗಾಗಿ ಆಮೇಲೆ ಕಾಣುವ ವ್ಯತ್ಯಾಸವನ್ನು ತರಬೇತಿಯ ಲೆಕ್ಕಕ್ಕೆ ಬರೆಯಬಹುದು. ಎರಡು ಸಲ ಚೀಟಿ ಎತ್ತಿದ್ದಕ್ಕೂ ಕಾರಣ ಇದೆ. ತರಬೇತಿ ಸಿಕ್ಕವರ ಪಕ್ಕದಲ್ಲಿ ಕೂತು, ತಾವು ಹೋಗದೇ ಇದ್ದವರಿಗೆ ಏನಾಗುತ್ತದೆ ಅಂತ ಹೀಗೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ.

ತರಬೇತಿ ಮುಗಿದು ಎಂಟು ತಿಂಗಳವರೆಗೂ ಲೆಕ್ಕ ಹಾಕಿದರು. 2018ರಲ್ಲಿ ಮೊದಲು ಹೊರಬಂದ ಕರಡಿನಲ್ಲಿ, ತರಬೇತಿ ಪಡೆದವರು ಉಳಿದವರಿಗಿಂತ ಶೇ 20ರಷ್ಟು ಹೆಚ್ಚು ಕೆಲಸ ತೆಗೆಯುತ್ತಿದ್ದಾರೆ ಅಂತ ಇತ್ತು. 2023ರಲ್ಲಿ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಗುವ ಹೊತ್ತಿಗೆ ಅದು ಶೇ 13.5ಕ್ಕೆ ಇಳಿಯಿತು. ಇಳಿದದ್ದು ನೋಡಿ ನನಗೆ ನಂಬಿಕೆ ಜಾಸ್ತಿಯಾಯಿತು. ಲೆಕ್ಕವನ್ನು ಯಾರೋ ಮತ್ತೆ ಮತ್ತೆ ತಿಕ್ಕಿ ನೋಡಿದ್ದಾರೆ ಅಂತಾಯಿತು. ಶೇ 13.5 ಏನೂ ಕಡಿಮೆ ಅಲ್ಲ. ಹೊಸ ಮೆಷಿನ್ ಹಾಕದೆ, ಹೊಲಿಗೆಯ ಪಾಠ ಒಂದೂ ಮಾಡದೆ ಬಂದದ್ದು ಅದು. ಅದೇ ಲೈನ್‌ನಲ್ಲಿ ಕೂತು, ಚೀಟಿ ಏಳದೆ ಉಳಿದವರ ಕೆಲಸವೂ ಸುಧಾರಿಸಿತ್ತು.

ಹೇಗೆ? ಸಂಶೋಧಕರು ಕೊಡುವ ಉತ್ತರ ಕೂಡಿ ಕೆಲಸ ಮಾಡುವುದು, ಮಾತಾಡುವುದು. ನನಗೆ ಕಾಣುವುದು ದಾರ. ಪೀಸ್ ಎಲ್ಲೋ ಸಿಕ್ಕಿಕೊಂಡಿದೆ ಅಂತ ಮೊದಲು ಗೊತ್ತಾಗುವುದು ಮೆಷಿನ್ ಮುಂದೆ ಕೂತವರಿಗೆ. ಮುಂದಿನವರ ಕೈ ಖಾಲಿ ಆಗುತ್ತಿದೆ ಅಂತಲೂ ಅವರಿಗೇ ಗೊತ್ತು. ಸೂಜಿ ಮೊಂಡಾಗಿದೆ, ಕಟಿಂಗ್‌ನಿಂದ ಬಂದ ಕಾಲರ್ ಒಂದು ನೂಲು ಚಿಕ್ಕದಿದೆ, ಹಿಂದಿನವರ ಹೊಲಿಗೆ ಓರೆ ಬರುತ್ತಿದೆ, ಎಲ್ಲ ಗೊತ್ತು. ಗೊತ್ತಿರುವುದನ್ನು ಬೈಸಿಕೊಳ್ಳದೆ ಹೇಳುವುದು ಹೇಗೆ ಅನ್ನೋದಷ್ಟೇ ಗೊತ್ತಿಲ್ಲ. ಪಕ್ಕದವರಿಗೆ "ಅಕ್ಕ, ಅಂಚು ಇನ್ನೊಂಚೂರು ಒಳಗೆ ತಗೊಳ್ಳಿ, ನನಗೆ ಬಿಚ್ಚೋದು ತಪ್ಪುತ್ತೆ" ಅಂತ ಜಗಳ ಆಗದ ಹಾಗೆ ಹೇಳಲು ಬರಬೇಕು. ಇದನ್ನು ಸಾಫ್ಟ್ ಅಂತ ಯಾಕೆ ಕರೆಯುತ್ತಾರೋ. ಹೊಲಿಗೆಗಿಂತ ಕಷ್ಟದ ಕೆಲಸ ಇದು.

ತರಬೇತಿ ಪಡೆದವರಿಗೆ ಆಮೇಲೆ ಹೆಚ್ಚು ಕಷ್ಟದ ಆಪರೇಷನ್‌ಗಳೂ ಸಿಗತೊಡಗಿದವು. ಮಕ್ಕಳ ಓದಿಗೆ ದುಡ್ಡು ಉಳಿಸುವುದು, ಸರ್ಕಾರಿ ಯೋಜನೆಗಳನ್ನು ವಿಚಾರಿಸಿ ಪಡೆಯುವುದು, ಹೊಸ ಕೌಶಲ ಕಲಿಸಿ ಅಂತ ತಾವಾಗೇ ಕೇಳುವುದು ಕೂಡ ಹೆಚ್ಚಾಗಿತ್ತು.

ವಾರಕ್ಕೆ ಎರಡು ಗಂಟೆಯ ಹಾಗೆ ಒಂದು ವರ್ಷ ಎಳೆದದ್ದೂ ಮುಖ್ಯ ಅಂತ ನನ್ನ ಲೆಕ್ಕ. ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಅಂತ ತನ್ನ ಮೇಲೇ ಪರೀಕ್ಷೆ ಮಾಡಿಕೊಂಡಿದ್ದ. 1885ರಲ್ಲಿ ಅದನ್ನು ಪ್ರಕಟಿಸಿದ. ಒಂದು ದಿನ ಕಳೆಯುವಷ್ಟರಲ್ಲಿ ಕಲಿತದ್ದರಲ್ಲಿ ಮೂರನೇ ಎರಡರಷ್ಟು ಜಾರಿಹೋಗಿತ್ತು. ಅರ್ಥ ಇರುವ ವಿಷಯ ಅಷ್ಟು ಬೇಗ ಮರೆಯುವುದಿಲ್ಲ, ನಿಜ. ಆದರೂ ಎರಡು ದಿನ ಎಸಿ ಹಾಲ್‌ನಲ್ಲಿ ತುರುಕಿದ್ದು ಎಷ್ಟು ಉಳಿಯುತ್ತದೆ ಅಂತ ನಮಗೆಲ್ಲ ಗೊತ್ತು. ಗುರುವಾರ ಕಲಿತದ್ದನ್ನು ಶುಕ್ರವಾರ ಲೈನ್‌ನಲ್ಲಿ ಮಾಡಿ ನೋಡಿ, ಎಡವಿ, ಮುಂದಿನ ಗುರುವಾರ ಬಂದು "ಮೇಡಂ, ನೀವು ಹೇಳಿದ ಹಾಗೆ ಕೇಳಿದೆ, ಆದರೂ ಬೈದರು" ಅಂತ ಹೇಳುವುದಕ್ಕೆ ಜಾಗ ಇದ್ದರೆ ಅದು ಬೇರೆಯೇ ಕಥೆ.

ಇಲ್ಲಿ ಒಂದು ಮಾತು ಸೇರಿಸಬೇಕು. ತರಬೇತಿ ಮುಗಿದ ಕೂಡಲೇ ಒಂದು ಫಾರಂ ಕೊಡುತ್ತಾರಲ್ಲ, ಇಷ್ಟ ಆಯಿತಾ, ಐದಕ್ಕೆ ಎಷ್ಟು ಅಂಕ ಅಂತ? ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಅನ್ನೋ ಅಮೆರಿಕನ್ ಪ್ರೊಫೆಸರ್ 1959ರಲ್ಲೇ ತರಬೇತಿಯನ್ನು ನಾಲ್ಕು ಮೆಟ್ಟಿಲಲ್ಲಿ ಅಳೆಯಬೇಕು ಅಂತ ಬರೆದಿದ್ದರು. ಇಷ್ಟ ಆಯಿತಾ, ಕಲಿತರಾ, ಕೆಲಸದಲ್ಲಿ ನಡೆ ಬದಲಾಯಿತಾ, ಕೊನೆಗೆ ಅದರಿಂದ ಫಲ ಸಿಕ್ಕಿತಾ. ಅರವತ್ತು ವರ್ಷ ದಾಟಿದರೂ ಹೆಚ್ಚಿನ ಕಂಪನಿಗಳು ಮೊದಲ ಮೆಟ್ಟಿಲಲ್ಲೇ ಕೂತಿವೆ. ಊಟ ಚೆನ್ನಾಗಿದ್ದರೆ ಐದಕ್ಕೆ ಐದು. ಬೆಂಗಳೂರಿನ ಈ ಪ್ರಯೋಗ ನೇರವಾಗಿ ನಾಲ್ಕನೇ ಮೆಟ್ಟಿಲನ್ನು ಅಳೆಯಿತು. ದಿನಾ ಎಷ್ಟು ಪೀಸ್ ಬಿತ್ತು ಅಂತ ಫ್ಯಾಕ್ಟರಿಯಲ್ಲಿ ಹೇಗೂ ಬರೆದಿಡುತ್ತಾರಲ್ಲ.

ಈಗ ದುಡ್ಡಿನ ವಿಷಯ. ತರಬೇತಿ ಮುಗಿದು ಎಂಟು ತಿಂಗಳಾಗುವ ಹೊತ್ತಿಗೆ, ಹಾಕಿದ ಖರ್ಚು ಕಳೆದು ಕಂಪನಿಗೆ ಬಂದ ನಿವ್ವಳ ಲಾಭ, ಹಾಕಿದ ದುಡ್ಡಿನ ಎರಡೂವರೆ ಪಟ್ಟು. ಕೆಲಸಗಾರರ ಸಂಬಳ ಏರಿದ್ದು ಶೇ 0.5.

ಶೇ 13.5 ಒಂದು ಕಡೆ, ಶೇ 0.5 ಇನ್ನೊಂದು ಕಡೆ. ಈ ಅಂತರ ಯಾಕೆ ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗ್ಯಾರಿ ಬೆಕರ್ ಅನ್ನೋ ಅರ್ಥಶಾಸ್ತ್ರಜ್ಞ, 1992ರಲ್ಲಿ ನೊಬೆಲ್ ಪಡೆದವರು, 1960ರ ದಶಕದಲ್ಲಿ ಒಂದು ಸರಳ ವಾದ ಮುಂದಿಟ್ಟರು. ಒಂದೇ ಕಂಪನಿಯಲ್ಲಿ ಉಪಯೋಗಕ್ಕೆ ಬರುವ ವಿದ್ಯೆ ಬೇರೆ, ಎಲ್ಲಿ ಹೋದರೂ ಉಪಯೋಗಕ್ಕೆ ಬರುವ ವಿದ್ಯೆ ಬೇರೆ. ಎಲ್ಲ ಕಡೆ ನಡೆಯುವ ವಿದ್ಯೆಯನ್ನು ಕಂಪನಿ ತನ್ನ ದುಡ್ಡಲ್ಲಿ ಯಾಕೆ ಕಲಿಸುತ್ತದೆ? ಕಲಿತವರು ನಾಳೆ ಪಕ್ಕದ ಕಂಪನಿಗೆ ಹೋಗಿ ಜಾಸ್ತಿ ಸಂಬಳ ಕೇಳುತ್ತಾರೆ. ಹೋಗದಂತೆ ತಡೆಯಬೇಕಾದರೆ ಇಲ್ಲೇ ಅಷ್ಟು ಸಂಬಳ ಕೊಡಬೇಕು. ಎರಡರಲ್ಲೂ ಕಂಪನಿಗೆ ಉಳಿಯುವುದು ಏನೂ ಇಲ್ಲ. ನಮ್ಮ ಐಟಿ ಕಂಪನಿಗಳು ತರಬೇತಿಯ ಜೊತೆ ಬಾಂಡ್ ಬರೆಸಿಕೊಳ್ಳುವ ರೂಢಿ ಹುಟ್ಟಿದ್ದೇ ಈ ಭಯದಿಂದ.

ಮಾತಾಡುವ, ಸಮಸ್ಯೆ ಬಿಡಿಸುವ ಕಲೆ ಎಲ್ಲ ಕಡೆ ಬೇಕಾಗುವಂಥದ್ದು. ಬೆಕರ್ ಪ್ರಕಾರ ಇದರ ಲಾಭ ಕೆಲಸಗಾರರ ಜೇಬಿಗೆ ಹೋಗಬೇಕಿತ್ತು. ಹೋಗಲಿಲ್ಲ. ಯಾಕೆಂದರೆ ಪಕ್ಕದ ಕಂಪನಿಯವರು ಸಂದರ್ಶನದಲ್ಲಿ ನೋಡುವುದು ಕೈ ಎಷ್ಟು ಬೇಗ ಓಡುತ್ತದೆ ಅಂತ. ಸಿಂಗಲ್ ನೀಡಲ್ ಬರುತ್ತಾ, ಓವರ್‌ಲಾಕ್ ಬರುತ್ತಾ, ಒಂದು ಪೀಸ್ ಹೊಲಿದು ತೋರಿಸು. ಪಕ್ಕದವರ ಜೊತೆ ಹೊಂದಿಕೊಂಡು ಕೆಲಸ ತೆಗೆಯುವ ಗುಣ ಆ ಒಂದು ಪೀಸ್‌ನಲ್ಲಿ ಕಾಣುವುದಿಲ್ಲ. ಜೊತೆಗೆ ಈ ಕ್ಷೇತ್ರದಲ್ಲಿ ಸಂಬಳ ನಿಲ್ಲುವುದೇ ಸರ್ಕಾರ ಗೊತ್ತು ಮಾಡಿದ ಕನಿಷ್ಠ ವೇತನದ ಸುತ್ತಮುತ್ತ. ಅದು ಏರಿದರೆ ಎಲ್ಲರದೂ ಏರುತ್ತದೆ, ಇಲ್ಲದಿದ್ದರೆ ಯಾರದೂ ಇಲ್ಲ. ಇನ್ನು ಮಗುವನ್ನು ಶಾಲೆಗೆ ಬಿಟ್ಟು, ಬಸ್ ಹಿಡಿದು, ಒಂಬತ್ತಕ್ಕೆ ಪಂಚ್ ಮಾಡಬೇಕಾದ ಹೆಂಗಸಿಗೆ ಫ್ಯಾಕ್ಟರಿ ಬದಲಿಸುವುದು ಅಂದರೆ ಬೆಳಗಿನ ಇಡೀ ಏರ್ಪಾಡನ್ನೇ ಬದಲಿಸಿದಂತೆ. ಅರ್ಥಶಾಸ್ತ್ರಜ್ಞರು ಇದನ್ನೆಲ್ಲ ಸೇರಿಸಿ ಮಾರುಕಟ್ಟೆಯ ಅಡಚಣೆ ಅಂತ ಒಂದೇ ಪದದಲ್ಲಿ ಮುಗಿಸುತ್ತಾರೆ.

ಈ ಸಂಶೋಧಕರಲ್ಲಿ ಇಬ್ಬರು ಶಾಹಿ ಕಂಪನಿಯವರ ಜೊತೆ ಸೇರಿ ಗುಡ್ ಬಿಸಿನೆಸ್ ಲ್ಯಾಬ್ ಅನ್ನೋ ಸಂಸ್ಥೆ ಕಟ್ಟಿದವರು ಅನ್ನೋದನ್ನೂ ಓದುಗರು ತಿಳಿದಿರಬೇಕು. ಕೆಲಸಗಾರರಿಗೆ ಒಳ್ಳೆಯದು ಮಾಡಿದರೆ ವ್ಯಾಪಾರಕ್ಕೂ ಒಳ್ಳೆಯದು ಅಂತ ತೋರಿಸುವುದೇ ಅದರ ಉದ್ದೇಶ. ಆದರೂ ಸಂಬಳ ಅರ್ಧ ಪರ್ಸೆಂಟ್ ಮಾತ್ರ ಏರಿತು ಅನ್ನೋದನ್ನು ಮುಚ್ಚಿಡದೆ ಪ್ರಬಂಧದ ಮೊದಲ ಪ್ಯಾರಾದಲ್ಲೇ ಬರೆದಿದ್ದಾರೆ. ಅದು ಮೆಚ್ಚಬೇಕಾದ್ದು.

ಕೆಲಸ ಸುಧಾರಿಸಿತು ಅನ್ನೋದು ಆಯಿತು. ಇನ್ನು ಮನಸ್ಸಿಡುವ ವಿಷಯ. ಎಚ್‌ಆರ್‌ನವರು ಎಂಗೇಜ್‌ಮೆಂಟ್ ಅಂತ ಕರೆಯುವುದು ಇದನ್ನೇ. ಈ ಪದಕ್ಕೆ ಮೊದಲು ಶಾಸ್ತ್ರದ ರೂಪ ಕೊಟ್ಟವರು ವಿಲಿಯಂ ಕಾನ್, 1990ರಲ್ಲಿ. ಅವರು ನೋಡಿದ್ದು ಒಂದು ಬೇಸಿಗೆ ಶಿಬಿರದ ಮೇಲ್ವಿಚಾರಕರನ್ನು ಮತ್ತು ಒಂದು ಆರ್ಕಿಟೆಕ್ಟ್ ಕಚೇರಿಯವರನ್ನು. ಅವರ ಪ್ರಕಾರ ಮನುಷ್ಯ ಕೆಲಸದಲ್ಲಿ ತನ್ನನ್ನು ಪೂರ್ತಿ ತೊಡಗಿಸಿಕೊಳ್ಳುವ ಮೊದಲು ಒಳಗೊಳಗೇ ಮೂರು ಪ್ರಶ್ನೆ ಕೇಳಿಕೊಳ್ಳುತ್ತಾನೆ. ಇದಕ್ಕೆ ಅರ್ಥ ಇದೆಯಾ, ಇಲ್ಲಿ ಬಾಯಿ ಬಿಟ್ಟರೆ ನನಗೇನೂ ತೊಂದರೆ ಆಗುವುದಿಲ್ಲವಾ, ನನ್ನಲ್ಲಿ ಇವತ್ತು ಅಷ್ಟು ಶಕ್ತಿ ಉಳಿದಿದೆಯಾ. ಮೂರಕ್ಕೆ ಮೂರೂ ನಮ್ಮ ಕಾಲರ್ ಅಕ್ಕನಿಗೆ ಒಪ್ಪುತ್ತವೆ. ಎರಡನೆಯದಂತೂ ಆಕೆಯ ಮಾತೇ.

ಕಂಪನಿಗಳು ಎಂಗೇಜ್‌ಮೆಂಟನ್ನು ಸರ್ವೆ ಮಾಡಿ ಅಳೆಯುತ್ತವೆ. ಗಾರ್ಮೆಂಟ್ಸ್‌ನಲ್ಲಿ ಅದಕ್ಕಿಂತ ನಂಬಬಹುದಾದ ಎರಡು ಅಳತೆ ಇವೆ. ಬೆಳಗ್ಗೆ ಎಷ್ಟು ಮೆಷಿನ್ ಖಾಲಿ ಇದೆ, ಈ ತಿಂಗಳು ಎಷ್ಟು ಜನ ಬಿಟ್ಟರು. ಪೇಸ್ ಪ್ರಯೋಗದಲ್ಲಿ ಬಿಟ್ಟುಹೋಗುವವರ ಪ್ರಮಾಣ ಕೊನೆಗೆ ನೋಡಿದರೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ತರಬೇತಿ ಪಡೆದು ಚೆನ್ನಾಗಿ ಕೆಲಸ ಮಾಡುವವರು ಹಾರಿಹೋಗುತ್ತಾರೆ ಅನ್ನೋ ಮಾಲೀಕರ ಭಯ ಸುಳ್ಳಾಯಿತು. ತರಬೇತಿ ಕೊಟ್ಟರೆ ನಿಷ್ಠೆಯಿಂದ ಉಳಿಯುತ್ತಾರೆ ಅನ್ನೋ ಟ್ರೇನರ್‌ಗಳ ಮಾತೂ ಸುಳ್ಳಾಯಿತು. ನನ್ನ ಮಟ್ಟಿಗೆ ಇಡೀ ಪ್ರಯೋಗದ ಮುಖ್ಯ ಸುದ್ದಿ ಇದು. ಕೆಲಸ ಚೆನ್ನಾಗಿ ಮಾಡುವುದಕ್ಕೂ ಕೆಲಸದಲ್ಲಿ ಉಳಿಯಬೇಕು ಅನ್ನಿಸುವುದಕ್ಕೂ ಬೇರೆ ಬೇರೆ ಬೇರು. ಮೊದಲನೆಯದಕ್ಕೆ ತರಬೇತಿಯ ನೀರು ಹೋಗುತ್ತದೆ. ಎರಡನೆಯದಕ್ಕೆ ಹೋಗುತ್ತದೆ ಅಂತ ನಾವು ಸುಮ್ನೆ ಅಂದುಕೊಂಡಿದ್ದೆವು.

ಹಾಗಾದರೆ ಎರಡನೆಯದಕ್ಕೆ ಏನು ಬೇಕು? ಇದೇ ಸಂಶೋಧಕರ ಗುಂಪಿನ ಇನ್ನೊಂದು ಪ್ರಯೋಗದಲ್ಲಿ ಒಂದು ಸುಳಿವು ಸಿಗುತ್ತದೆ. 2016ರಲ್ಲಿ ಸಂಬಳ ಏರಿತು, ಆದರೆ ಕೆಲಸಗಾರರು ಎಣಿಸಿದ್ದಕ್ಕಿಂತ ಕಡಿಮೆ. ಎಲ್ಲರಿಗೂ ನಿರಾಶೆ. ಆ ವರ್ಷದ ಬಿಸಿ ಬೇರೆ ಕಡೆಯಿಂದಲೂ ಇತ್ತು. ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಿಸುತ್ತಾರೆ ಅಂತ ಗೊತ್ತಾಗಿ ಸಾವಿರಾರು ಗಾರ್ಮೆಂಟ್ ಹೆಂಗಸರು ಬೀದಿಗಿಳಿದಿದ್ದರು. ಹೊಸೂರು ರಸ್ತೆ ನಿಂತುಹೋಗಿತ್ತು. ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಎಂಗೇಜ್‌ಮೆಂಟ್ ಸರ್ವೆಯಲ್ಲಿ ಅಂಥದ್ದು ಕಾಣುವುದೇ ಇಲ್ಲ ಬಿಡಿ.

ಸಂಬಳ ಏರಿದ ಬೆನ್ನಿಗೆ ಸಂಶೋಧಕರು ಕೆಲವರನ್ನು ಚೀಟಿ ಎತ್ತಿ ಆರಿಸಿ, ಹೆಸರು ಬರೆಯದ ಒಂದು ಪ್ರಶ್ನಾವಳಿ ಕೊಟ್ಟರು. ಸಂಬಳ ಸಾಕಾ, ಸೂಪರ್‌ವೈಸರ್ ಹೇಗೆ, ಕೆಲಸದ ಜಾಗ ಹೇಗಿದೆ. ಅಷ್ಟೇ. ಹೆಚ್ಚುವರಿ ದುಡ್ಡಿಲ್ಲ, ಭರವಸೆ ಇಲ್ಲ. ಮುಂದಿನ ತಿಂಗಳುಗಳಲ್ಲಿ ಹಾಗೆ ಮಾತಾಡಲು ಅವಕಾಶ ಸಿಕ್ಕವರಲ್ಲಿ ಕೆಲಸ ಬಿಟ್ಟವರು ಐದನೇ ಒಂದರಷ್ಟು ಕಡಿಮೆ. ಹೆಚ್ಚು ನಿರಾಶೆಯಾಗಿದ್ದವರಲ್ಲೇ ಪರಿಣಾಮ ಎದ್ದು ಕಂಡಿತು. ಒಂದು ವರ್ಷದ ತರಬೇತಿ ಮಾಡದ ಕೆಲಸವನ್ನು ಒಂದು ಪ್ರಶ್ನಾವಳಿ ಮಾಡಿತು.

ಇದನ್ನು ಓದಿ ಯಾವುದೋ ಎಚ್‌ಆರ್ ಮ್ಯಾನೇಜರ್ ನಾಳೆಯೇ ಸರ್ವೆ ಹಂಚಿದರೆ ನನ್ನ ಮೇಲೆ ಹೇಳಬೇಡಿ. ಕೇಳಿದ ಮೇಲೆ ಏನೂ ಮಾಡದೆ ಹೋದರೆ ಎರಡನೇ ಸಲ, ಮೂರನೇ ಸಲ ಏನಾಗುತ್ತದೆ ಅಂತ ಊಹಿಸುವುದು ಕಷ್ಟ ಅಲ್ಲ.

ಇನ್ನು ಆ ಹತ್ತು ಹೆಜ್ಜೆ ಆಚೆ ನಿಂತಿದ್ದ ಸೂಪರ್‌ವೈಸರ್. ಅವರನ್ನು ಬೈಯುವುದು ಸುಲಭ. ಹೆಚ್ಚಿನವರು ನಿನ್ನೆಯವರೆಗೂ ಟೈಲರ್ ಆಗಿದ್ದವರೇ. ಚೆನ್ನಾಗಿ ಹೊಲಿಯುತ್ತಾರೆ ಅಂತ ಮೇಲಕ್ಕೆ ತಂದರು. ಹೊಲಿಯುವುದು ಬೇರೆ, ಐವತ್ತು ಅರವತ್ತು ಜನರಿಂದ ಹೊಲಿಸುವುದು ಬೇರೆ. ಎರಡನೆಯದನ್ನು ಯಾರೂ ಕಲಿಸಿರುವುದಿಲ್ಲ. ಅವರು ನೋಡಿ ಕಲಿತದ್ದು ತಮ್ಮ ಹಿಂದಿನ ಸೂಪರ್‌ವೈಸರ್ ಕೂಗುತ್ತಿದ್ದುದನ್ನು. ಗಂಟೆಗೊಮ್ಮೆ ಬೋರ್ಡ್ ಮೇಲೆ ಪೀಸ್ ಸಂಖ್ಯೆ ಬರೆಯಬೇಕು, ಕಡಿಮೆ ಬಿದ್ದರೆ ಫ್ಲೋರ್ ಇನ್‌ಚಾರ್ಜ್ ಅವರ ಮೇಲೆ ಕೂಗುತ್ತಾರೆ.

ಸೂಪರ್‌ವೈಸರ್‌ಗಳಿಗೂ ಇಂಥದೇ ತರಬೇತಿ ಕೊಟ್ಟು ನೋಡಿದ ಪ್ರಯೋಗವೊಂದಿದೆ, ಇದೂ ಭಾರತದ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲೇ ನಡೆದದ್ದು. 2023ರಲ್ಲಿ ಹೊರಬಂತು. ಅದರಲ್ಲಿ ಒಂದು ತಮಾಷೆಯ ತಿರುವು ಇದೆ. ಮೊದಲು ಯಾರಿಗೆ ತರಬೇತಿ ಕೊಡಬೇಕು ಅಂತ ಸೂಪರ್‌ವೈಸರ್‌ಗಳ ಮೇಲಿನ ಮ್ಯಾನೇಜರ್‌ಗಳನ್ನೇ ಕೇಳಿದರು. ಎಲ್ಲ ಕಂಪನಿಯಲ್ಲೂ ಹಾಗೇ ಅಲ್ವಾ ನಡೆಯುವುದು, "ನಿಮ್ಮ ಟೀಮ್‌ನಿಂದ ಎರಡು ಹೆಸರು ಕಳಿಸಿ" ಅಂತ? ಅವರು ಪಟ್ಟಿ ಕೊಟ್ಟರು. ಸಂಶೋಧಕರು ಪಟ್ಟಿಯ ಮೇಲಿನವರು, ಕೆಳಗಿನವರು ಎರಡೂ ಕಡೆಯಿಂದ ಚೀಟಿ ಎತ್ತಿ ತರಬೇತಿ ಕೊಟ್ಟರು. ಮೇಲಿದ್ದವರ ಲೈನ್‌ಗಳಲ್ಲಿ ಕೆಲಸ ಏನೂ ಏರಲಿಲ್ಲ. ಕೆಳಗಿದ್ದವರ ಲೈನ್‌ಗಳಲ್ಲಿ ಶೇ 12ರಷ್ಟು ಏರಿತು.

ಮ್ಯಾನೇಜರ್‌ಗಳು ದಡ್ಡರಾ? ತಮ್ಮವರು ಅಂತ ಹೆಸರು ಕೊಟ್ಟರಾ? ಎರಡೂ ಅಲ್ಲ ಅಂತ ಪ್ರಬಂಧ ಹೇಳುತ್ತದೆ. ಒಬ್ಬ ಸೂಪರ್‌ವೈಸರ್ ಬಿಟ್ಟುಹೋದರೆ ಲೈನ್ ಹೊತ್ತು ಒದ್ದಾಡಬೇಕಾದವರು ಮ್ಯಾನೇಜರ್‌ಗಳೇ. ಹಾಗಾಗಿ ಅವರು ಯಾರು ಕೈತಪ್ಪಿ ಹೋಗಬಾರದೋ ಅಂಥವರ ಹೆಸರು ಬರೆದಿದ್ದರು. ತರಬೇತಿ ಅವರ ಕಣ್ಣಲ್ಲಿ ಒಂದು ಬಹುಮಾನ, ಉಳಿಸಿಕೊಳ್ಳಲು ಹಾಕುವ ಗಾಳ. ಕಂಪನಿಯ ಕಣ್ಣಲ್ಲಿ ಅದು ಉತ್ಪಾದನೆ ಏರಿಸುವ ಉಪಾಯ. ಒಂದೇ ತರಬೇತಿಯನ್ನು ಇಬ್ಬರು ಎರಡು ಕೆಲಸಕ್ಕೆ ಬಳಸುತ್ತಿದ್ದರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ. ನಿಮ್ಮ ಆಫೀಸಿನಲ್ಲಿ ಪ್ರತಿ ವರ್ಷ ಅದದೇ ನಾಲ್ಕು ಜನ ತರಬೇತಿಗೆ ಹೋಗುತ್ತಾರಾ? ಕಾರಣ ಈಗ ಹೊಳೆದಿರಬಹುದು.

ಕೈಕೆಲಸದ ತರಬೇತಿಯನ್ನು ನಾನು ಇಲ್ಲಿ ಬಿಟ್ಟೇಬಿಟ್ಟೆ ಅನ್ನಿಸಬಹುದು. ಅದರ ಬಗ್ಗೆ ಹೇಳಬೇಕಾದ್ದನ್ನು ಎರಡನೇ ಮಹಾಯುದ್ಧದ ಹೊತ್ತಿಗೇ ಹೇಳಿ ಮುಗಿಸಿದ್ದಾರೆ. ಅಮೆರಿಕದಲ್ಲಿ 1940ರಿಂದ 1945ರವರೆಗೆ, ಮೆಷಿನ್ ಮುಟ್ಟಿಯೇ ಇಲ್ಲದ ಲಕ್ಷಾಂತರ ಜನರನ್ನು ಕಾರ್ಖಾನೆಗೆ ಸಿದ್ಧ ಮಾಡಲು ಟಿಡಬ್ಲ್ಯುಐ (ಟ್ರೇನಿಂಗ್ ವಿದಿನ್ ಇಂಡಸ್ಟ್ರಿ) ಅನ್ನೋ ಕಾರ್ಯಕ್ರಮ ನಡೆಯಿತು. ಅದರ ಪಾಠ ಸರಳ. ಕಲಿಯುವವರ ಹೆದರಿಕೆ ಮೊದಲು ತೆಗೆ, ಮಾಡಿ ತೋರಿಸು, ಅವರ ಕೈಲಿ ಮಾಡಿಸಿ ಅವರ ಬಾಯಲ್ಲೇ ಹೇಳಿಸು, ಆಮೇಲೆ ಬಿಟ್ಟುಹೋಗದೆ ಆಗಾಗ ಬಂದು ನೋಡು. ಕಲಿಯಲಿಲ್ಲ ಅಂದರೆ ಕಲಿಸಿದವನ ತಪ್ಪು. ಯುದ್ಧದ ನಂತರ ಇದು ಜಪಾನಿಗೆ ಹೋಯಿತು, ಟೊಯೋಟಾ ಇದನ್ನು ಮೈಗೂಡಿಸಿಕೊಂಡಿತು. ಆ ಕಂಪನಿ 2007ರಲ್ಲಿ ನಮ್ಮ ಬಿಡದಿಯಲ್ಲಿ ಹಳ್ಳಿಯ ಬಡ ಮಕ್ಕಳಿಗಾಗಿ ಶುರು ಮಾಡಿದ ತರಬೇತಿ ಸಂಸ್ಥೆಯಲ್ಲಿ ಕಲಿಕೆ ಮೂರು ವರ್ಷದ್ದು. ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಒಬ್ಬರನ್ನು ಟೈಲರ್ ಮಾಡಲು ಕೊಡುವ ಸಮಯ ಇದರ ಹತ್ತಿರಕ್ಕೂ ಬರುವುದಿಲ್ಲ. ಊಟದ ಬಿಡುವಿನಲ್ಲಿ ಖಾಲಿ ಮೆಷಿನ್ ಮೇಲೆ ಚೂರು ಬಟ್ಟೆ ಹಾಕಿಕೊಂಡು ತಾವೇ ಕಲಿತವರು ಎಷ್ಟೋ ಜನ.

ಮೊದಲನೇ ಹೆಜ್ಜೆ ಗಮನಿಸಿದಿರಾ? ಹೆದರಿಕೆ ತೆಗೆ ಅನ್ನೋದು. ಮೆಷಿನ್ ಕಲಿಸುವುದಕ್ಕೂ ಅಲ್ಲಿಂದಲೇ ಶುರು.

ಕಂಪ್ಯೂಟರ್ ಮುಂದೆ ಕೂತು 'ಮುಂದೆ' ಅನ್ನೋ ಬಟನ್ ಒತ್ತುತ್ತಾ ಮುಗಿಸುವ ವಾರ್ಷಿಕ ತರಬೇತಿಗಳ ಬಗ್ಗೆ ಏನೂ ಹೇಳುವುದಿಲ್ಲ. ಅವು ಇರುವುದು ಆಡಿಟ್‌ಗೆ. ಅದು ಎಲ್ಲರಿಗೂ ಗೊತ್ತು, ಒತ್ತುವವರಿಗೂ ಒತ್ತಿಸುವವರಿಗೂ.

ಕಾಲರ್ ಅಕ್ಕನ ಕಥೆ ಅರ್ಧಕ್ಕೆ ಬಿಟ್ಟೆ. ಅವತ್ತು ಊಟ ಆದ ಮೇಲೆ ನಾನೇ ಮೆಕ್ಯಾನಿಕ್‌ಗೆ ಹೇಳಿ ಬಂದೆ. ಅವರು ಬಂದು ಹಳೆಯ ಸೂಜಿ ಬಿಚ್ಚಿ, ಬೆರಳಿಗೆ ಸವರಿ ನೋಡಿ, ತಲೆ ಆಡಿಸಿದರು. ಹೊಸ ಸೂಜಿ ಬೇಕಾದರೆ ಹಳೆಯದನ್ನು ವಾಪಸ್ ಕೊಟ್ಟು ರಿಜಿಸ್ಟರ್‌ನಲ್ಲಿ ಬರೆಸಬೇಕು. ಸೂಜಿ ಚೂರು ಬಟ್ಟೆಯಲ್ಲಿ ಸೇರಿ ಹೋಗಬಾರದು ಅಂತ ಆ ನಿಯಮ. ಎಲ್ಲ ಸೇರಿ ಆರು ನಿಮಿಷ ಆಯಿತು. ಮಧ್ಯಾಹ್ನ ಒಂದು ಸಲವೂ ದಾರ ತುಂಡಾಗಲಿಲ್ಲ. ಸಂಜೆ ಬೋರ್ಡ್ ಮೇಲೆ ಆ ಲೈನ್‌ನ ಸಂಖ್ಯೆ ನೋಡಿ ಸೂಪರ್‌ವೈಸರ್ ಖುಷಿಯಾದರು. ಯಾಕೆ ಏರಿತು ಅಂತ ಕೇಳಲಿಲ್ಲ.

ಆಮೇಲಿನ ವಾರಗಳಲ್ಲಿ ಆಕೆ ತಾವೇ ಕೈ ಎತ್ತುವುದನ್ನು ಎರಡು ಮೂರು ಸಲ ನೋಡಿದೆ. ಒಂದು ಸಲ ಬೈಸಿಕೊಂಡರು ಕೂಡ. ಆದರೂ ಮೆಕ್ಯಾನಿಕ್ ಬಂದ. ದಸರಾ ರಜೆ ಮುಗಿದ ಮೇಲೆ ಆ ಮೆಷಿನ್ ಮುಂದೆ ಬೇರೆಯವರು ಕೂತಿದ್ದರು. ತಿಂಗಳ ನಂತರ ಬಸ್ ಸ್ಟಾಪಿನಲ್ಲಿ ಆಕೆ ಸಿಕ್ಕರು. ಇನ್ನೊಂದು ಗಾರ್ಮೆಂಟ್ಸ್‌ಗೆ ಸೇರಿದೆ ಅಂದರು.

"ಸಂಬಳ ಜಾಸ್ತಿನಾ ಅಕ್ಕ?"

"ಇಲ್ಲ, ಅಷ್ಟೇ. ಅಲ್ಲಿಗೆ ನಡೆದುಕೊಂಡು ಹೋಗಬಹುದು."